ಕಸೂತಿ ಮಿಷನ್ನಿನ ಪಾಸ್‌ವರ್ಡ್

ರೀ ಅನ್ನುವುದು ನಿನ್ನೆಗೇ ಮುಗಿಯಿತು. ಇನ್ನು ಮೇಲೆ ನೀನು, ಅಷ್ಟೇ.

ಎಡಗೈಯಲ್ಲಿ ಬರೆದಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದು ನಿನ್ನದೇ ಕೃಪೆ. ಬಲಗೈಗೆ ಪಟ್ಟಿ ಹಾಕಿಸಿಕೊಂಡು ಬರುತ್ತೇನೆ. ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೋ.

ಕಸೂತಿ ಮಿಷನ್ ನನ್ನದು, ಗಿರಾಕಿಗಳು ನನ್ನವರು. ಆದರೆ ಲ್ಯಾಪ್‌ಟಾಪಿನಲ್ಲಿ ಅದರ ಪ್ರೋಗ್ರಾಂ ತೆರೆಯಬೇಕಾದರೆ ಪ್ರತಿ ಸಲ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಆ ಅಡ್ಮಿನ್ ನೀನು. ನನಗೆ ಕಾಣಬಾರದೆಂದು ಕೈ ಅಡ್ಡ ಹಿಡಿದು ಒತ್ತಿ ಹೋಗುತ್ತಿದ್ದೆ. ನಿನ್ನೆ ಹೊಲಿಗೆಯ ನಡುವೆ ಪ್ರೋಗ್ರಾಂ ಮುಚ್ಚಿಕೊಂಡಿತು, ನಿನಗೆ ಫೋನ್ ಮಾಡಿ ಕರೆಸಿದೆ. "ಕರೆದಾಗಲೆಲ್ಲ ಓಡಿ ಬರೋಕೆ ನಾನೇನು ನಿನ್ನ ಆಳಾ?" ಅಂತ ಲ್ಯಾಪ್‌ಟಾಪಿನ ಮುಚ್ಚಳವನ್ನು ನನ್ನ ಬೆರಳುಗಳ ಮೇಲೇ ಅಪ್ಪಳಿಸಿದೆಯಲ್ಲ, ಎರಡು ಉಗುರು ಕಪ್ಪಾಗಿವೆ.

ಇವತ್ತು ನೀನು ಹೋದ ಮೇಲೆ ಕಂಪ್ಯೂಟರ್ ರಿಪೇರಿಯವನು ಬಂದಿದ್ದ. ಈಗ ಅಡ್ಮಿನ್ ನಾನು. ನೀನು ಆಡುವ ಆ ಗುಂಡು ಹಾರಿಸುವ ಆಟವೂ ನನ್ನನ್ನು ಕೇಳದೆ ತೆರೆಯುವುದಿಲ್ಲ. ಸಿಟ್ಟಿಗೆ ಬಾಗಿಲು ಒದೆಯಬೇಡ. ನಮ್ಮಣ್ಣ ನನ್ನ ಜೊತೆಗೇ ಬರುತ್ತಿದ್ದಾನೆ, ಅವನಿಗೆ ಮಾತು ಕಮ್ಮಿ.

ಪಾಸ್‌ವರ್ಡ್ ಬೇಕಾದರೆ ಕೇಳು. ನಿನ್ನ ಹಾಗೆ ಬಚ್ಚಿಡುವುದಿಲ್ಲ, ಹೇಳುತ್ತೇನೆ.

ಮೊದಲು ಬಲಗೈಯನ್ನು ಕೀಬೋರ್ಡಿನ ಮೇಲಿಡು. ಮುಚ್ಚಳ ನಾನು ಹಾಕುತ್ತೇನೆ.