ಆ ಕೋಣೆ ಎಷ್ಟು ಅಡಿ?

ಮನೆ ದಲ್ಲಾಳಿಗಳ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ದೂರಿಗೆ ತಮ್ಮ ಕಚೇರಿ ಕೊಟ್ಟ ಉತ್ತರ ಕೈಸೇರಿತು. "ಸದರಿ ಜಾಹೀರಾತಿನಲ್ಲಿ ಯಾವುದೇ ಸುಳ್ಳು ಮಾಹಿತಿ ಕಂಡುಬಂದಿರುವುದಿಲ್ಲ" ಎಂದು ಬರೆದಿದ್ದೀರಿ. ನಾನೂ ಒಪ್ಪುತ್ತೇನೆ. ಅರಸೀಕೆರೆಯ ಆ ಬಾಡಿಗೆ ಮನೆಯ ಜಾಹೀರಾತಿನಲ್ಲಿ ಸುಳ್ಳು ಇರಲಿಲ್ಲ. ಕೋಣೆಗಳ ಉದ್ದ ಅಗಲವೂ ಇರಲಿಲ್ಲ. ನನ್ನ ದೂರು ಇದ್ದದ್ದು ಈ ಎರಡನೆಯದರ ಬಗ್ಗೆ. ಬರೆದದ್ದರಲ್ಲಿ ಸುಳ್ಳು ಹುಡುಕಿ ಕೈಚೆಲ್ಲಿದ ತಾವು, ಬರೆಯದೆ ಬಿಟ್ಟದ್ದನ್ನು ಒಮ್ಮೆಯಾದರೂ ಹುಡುಕಿದಿರಾ? ಹೇಳಬೇಕಾದ್ದನ್ನು ನುಂಗಿ ಕೂತವನು ಸತ್ಯವಂತನೆಂದು ತಮ್ಮ ಇಲಾಖೆ ತೀರ್ಮಾನಿಸಿರುವುದರಿಂದ, ಆ ಸತ್ಯದಿಂದ ನಮ್ಮ ಮನೆಯಲ್ಲಿ ಏನಾಯಿತೆಂದು ಇನ್ನು ಊರ ಮುಂದೆಯೇ ಹೇಳುವುದು ಲೇಸು.

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿದ್ದೇನೆ. ನನ್ನ ಅವ್ವ ದ್ಯಾವಮ್ಮ ಅರೇಹಳ್ಳಿ ಕಡೆಯ ಕಾಫಿ ತೋಟವೊಂದರಲ್ಲಿ ಮಂಡಿ ಸವೆಯುವವರೆಗೆ ದುಡಿದವಳು. ತೋಟದವರು ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲೇ ನಾನು ಬೆಳೆದದ್ದು. ಹತ್ತು ಅಡಿಗೆ ಹತ್ತು ಅಡಿಯ ಒಂದೇ ಕೋಣೆ. ಒಲೆ, ಹಾಸಿಗೆ, ಕೋಳಿ ಬುಟ್ಟಿ, ನಾವು ಮೂವರು, ಎಲ್ಲ ಅದರಲ್ಲೇ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಬೇಲೂರಿಗೆ ಕರೆತಂದೆ. ಕಳೆದ ವರ್ಷ ನನಗೆ ಅರಸೀಕೆರೆಗೆ ವರ್ಗವಾಯಿತು. ಮನೆ ಹುಡುಕಲು ಕೂತಾಗ ಅವ್ವ ಕೇಳಿದ್ದು ಒಂದೇ ಮಾತು. "ಲೈನ್ ಮನೆಗಿಂತ ವಸಿ ದೊಡ್ಡದಿದ್ರೆ ಸಾಕು ಕಣವ್ವ. ಮಂಚದ್ ಸುತ್ತ ಓಡಾಡಂಗಿರ್ಲಿ."

ನಾನು ಮೊಬೈಲನ್ನು ಕಿವಿಯಿಂದ ಓದುವವಳು. ಪರದೆಯ ಮೇಲೆ ಬರೆದದ್ದನ್ನೆಲ್ಲ ಅದು ಗಟ್ಟಿಯಾಗಿ ಹೇಳುತ್ತದೆ. ಅರಸೀಕೆರೆಯ ಮನೆಗಳ ಜಾಹೀರಾತುಗಳನ್ನು ಅದು ನನಗೆ ಓದಿ ಹೇಳಿದ್ದು ಹೀಗೆ: "ವಿಶಾಲವಾದ ಎರಡು ಬೆಡ್‌ರೂಮಿನ ಮನೆ. ಗಾಳಿ ಬೆಳಕು ಚೆನ್ನಾಗಿದೆ. ಚಿತ್ರ. ಚಿತ್ರ. ಚಿತ್ರ. ಚಿತ್ರ." ಇಷ್ಟೇ. ಬೇರೆ ಬೇರೆ ದಲ್ಲಾಳಿಗಳು, ಬೇರೆ ಬೇರೆ ಬೀದಿಗಳು, ಎಲ್ಲ ಮನೆಗಳೂ ವಿಶಾಲ. ಒಂದರಲ್ಲೂ ಅಡಿ ಇಲ್ಲ, ಇಂಚಿಲ್ಲ. ಹಳೇಬೀಡಿಗೆ ಅವ್ವನನ್ನು ಕರೆದುಕೊಂಡು ಹೋಗಿದ್ದಾಗ ಅಲ್ಲಿನ ಗೈಡು ನಂದಿಯ ಎತ್ತರ ಎಷ್ಟು, ಅಗಲ ಎಷ್ಟು ಎಂದು ಅಡಿ ಲೆಕ್ಕದಲ್ಲಿ ಹೇಳಿದ್ದರು. ನನಗೆ ಅಷ್ಟು ಸಾಕಾಗಿತ್ತು. ನಂದಿ ಎಷ್ಟು ದೊಡ್ಡದೆಂದು ಮನಸ್ಸಿಗೆ ಬಂತು. ನೂರಾರು ವರ್ಷಗಳ ಹಿಂದಿನ ಕಲ್ಲಿನ ಬಸವನಿಗೆ ಅಳತೆ ಇರುವ ಸೀಮೆಯಲ್ಲಿ, ಉಸಿರಾಡುವ ಮನುಷ್ಯರು ಮಲಗುವ ಕೋಣೆಗೆ ಅಳತೆ ಇಲ್ಲವೆಂದರೆ ಏನೆನ್ನಬೇಕು? ಬೆಡ್‌ಶೀಟಿನ ಮೇಲೆ ಉದ್ದ ಅಗಲ ಅಚ್ಚಾಗಿರುತ್ತದೆ. ಚಾಪೆಗೂ ಅಳತೆ ಇದೆ. ಅವನ್ನು ಹಾಸುವ ಜಾಗಕ್ಕೆ ಮಾತ್ರ ಇಲ್ಲ.

ಚೇತನ್‌ಕುಮಾರ್ ಎಂಬ ದಲ್ಲಾಳಿಗೆ ಫೋನು ಮಾಡಿ ಕೋಣೆಯ ಅಳತೆ ಕೇಳಿದೆ.

"ಫೋಟೋ ಹಾಕಿದೀನಲ್ಲ ಮೇಡಂ, ನೋಡ್ಕೊಳ್ಳಿ."

"ನನಗೆ ಕಣ್ಣು ಕಾಣಲ್ಲ. ಉದ್ದ ಎಷ್ಟು, ಅಗಲ ಎಷ್ಟು, ಅಷ್ಟು ಹೇಳಿ ಸಾಕು."

"ಸ್ಟ್ಯಾಂಡರ್ಡ್ ಸೈಜು ಮೇಡಂ, ಎಲ್ಲಾ ಕಡೆ ಇರೋದೇ. ಅಂದಹಾಗೆ, ನೀವು ಯಾರ ಪೈಕಿ?"

"ಬೌದ್ಧರು."

"ಅದು ಸರಿ. ಅದಕ್ಕೂ ಮುಂಚೆ?"

ಅದಕ್ಕೂ ಮುಂಚೆ ಏನೆಂದು ಹೇಳಿದ ಮೇಲೆ ಆ ಮನೆ ಬೇರೆಯವರಿಗೆ ಆಗಿಬಿಟ್ಟಿತ್ತು. ಅದರ ಮುಂದಿನದೂ ಹಾಗೆಯೇ. ಮಾನ್ಯರೇ, ಈ ದಂಧೆಯಲ್ಲಿ ಅಳತೆಯೇ ಇಲ್ಲವೆಂದು ನಾನು ಹೇಳಲಾರೆ. ಬಾಡಿಗೆಗೆ ಬರುವವರನ್ನು ಮೂರು ತಲೆಮಾರಿನ ತನಕ ಅಳೆಯುತ್ತಾರೆ. ಗೋಡೆಯಿಂದ ಗೋಡೆಗೆ ಟೇಪು ಹಿಡಿಯಲು ಮಾತ್ರ ಅವರಿಗೆ ಪುರುಸೊತ್ತಿಲ್ಲ.

ಕೆಲಸಕ್ಕೆ ಹಾಜರಾಗುವ ದಿನ ಹತ್ತಿರ ಬಂದಾಗ ಚೇತನ್‌ಕುಮಾರ್ ತಾವೇ ಫೋನು ಮಾಡಿ, ಮಾಲೀಕರು ಒಪ್ಪಿದ ಮನೆಯೊಂದು ಇದೆ ಎಂದರು. ಹಳೆಯ ಬಾಡಿಗೆದಾರರು ಇನ್ನೂ ಖಾಲಿ ಮಾಡಿಲ್ಲ, ಒಳಗೆ ಬಿಡುವುದಿಲ್ಲ, ಬೇರೆಯವರು ಮುಂಗಡ ಹಿಡಿದು ನಿಂತಿದ್ದಾರೆ ಎಂದೂ ಸೇರಿಸಿದರು. ಅರಸೀಕೆರೆ ಶಾಖೆಯಲ್ಲಿ ನನ್ನ ಜೊತೆ ಕೆಲಸ ಮಾಡಲಿದ್ದ ಹೇಮಲತಾ ಅವರಿಗೆ ಆ ಮನೆಯ ಜಾಹೀರಾತಿನಲ್ಲಿದ್ದ ನಾಲ್ಕು ಫೋಟೋಗಳನ್ನು ಕಳಿಸಿ ಕೇಳಿದೆ. ಅವರು ನೋಡಿ, "ದೊಡ್ಡದಾಗೇ ಕಾಣುತ್ತೆ ಭಾಗ್ಯ, ತಗೊಳ್ಳಿ" ಎಂದರು. ಆಕೆ ಹೇಳಿದ್ದರಲ್ಲಿ ತಪ್ಪಿಲ್ಲ. ಹಿಂದೆ ಯಾವಾಗಲೋ ಮನೆ ಖಾಲಿಯಿದ್ದಾಗ ಕೋಣೆಯ ಮೂಲೆಯಲ್ಲಿ ನಿಂತು, ಎಲ್ಲವನ್ನೂ ಹಿಗ್ಗಿಸಿ ತೋರಿಸುವ ಕ್ಯಾಮೆರಾದಲ್ಲಿ ತೆಗೆದಿದ್ದರು. ಕಣ್ಣಿದ್ದವರಿಗೂ ಆ ಚಿತ್ರ ಸತ್ಯ ಹೇಳಲಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಇದು ಕುರುಡಿಯೊಬ್ಬಳ ಕಷ್ಟವೆಂದು ಬದಿಗೆ ಸರಿಸುವಂತಿಲ್ಲ.

ಸಾಮಾನು ಇಳಿಸಿದ ದಿನ ನಾನು ಒಳಕೋಣೆಯ ನಡುವೆ ನಿಂತು ಎರಡೂ ಕೈ ಚಾಚಿದೆ. ಒಂದು ಹೆಜ್ಜೆ ಈಚೆಗೆ ಬಂದರೆ ಈ ಗೋಡೆ, ಒಂದು ಹೆಜ್ಜೆ ಆಚೆಗೆ ಹೋದರೆ ಆ ಗೋಡೆ. ಹೇಮಲತಾ ಟೇಪು ತಂದು ಅಳೆದರು. ಏಳು ಅಡಿ ಉದ್ದ, ಆರೂವರೆ ಅಡಿ ಅಗಲ. ಇನ್ನೊಂದು ಕೋಣೆಯೂ ಹೆಚ್ಚು ಕಡಿಮೆ ಅಷ್ಟೇ. ಮಂಡಿನೋವಿನ ಅವ್ವನಿಗೆ ನೆಲದ ಮೇಲಿಂದ ಏಳಲು ಆಗುತ್ತಿರಲಿಲ್ಲ, ಮಂಚ ಬೇಕೇ ಬೇಕಿತ್ತು. ಮುಂದಿನ ಹಾಲ್‌ನಲ್ಲಿ ಹಾಕೋಣವೆಂದರೆ, ಬೀದಿಯಲ್ಲಿ ಹೋಗುವವರಿಗೆಲ್ಲ ತಾನು ಮಲಗಿದ್ದು ಕಾಣುತ್ತದೆಂದು ಅವಳು ಒಪ್ಪಲಿಲ್ಲ. ಮಂಚವನ್ನು ಬಿಚ್ಚಿ, ಒಳಗೆ ಸಾಗಿಸಿ, ಮತ್ತೆ ಜೋಡಿಸಿದರು. ಉಳಿದದ್ದು ಎರಡೂವರೆ ಅಡಿಯ ಒಂದು ಸಂದಿ. ಕೋಣೆಯ ಬಾಗಿಲು ಒಳಕ್ಕೆ ತೆರೆದುಕೊಳ್ಳುವುದೂ ಅದೇ ಸಂದಿಗೆ.

ಚೇತನ್‌ಕುಮಾರ್‌ಗೆ ಫೋನು ಮಾಡಿ ಕೇಳಿದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. "ಎರಡು ರೂಮು ಅಂದಿದ್ದೆ, ಎರಡಿದೆ ಮೇಡಂ. ಇಷ್ಟು ಅಡಿ ಅಂತ ಎಲ್ಲಾದ್ರೂ ಬರ್ದಿದೀನಾ? ಬರ್ದಿದ್ರೆ ತೋರ್ಸಿ" ಎಂದರು. ತಮ್ಮ ಕಚೇರಿ ಆಮೇಲೆ ಇದನ್ನೇ ಸರ್ಕಾರಿ ಕನ್ನಡದಲ್ಲಿ ಬರೆದು ಕಳಿಸಿತು.

ಬೇರೆ ಮನೆ ಹುಡುಕಬಾರದಿತ್ತೇ ಎಂದು ತಾವು ಕೇಳಬಹುದು. ಹುಡುಕುತ್ತಲೇ ಇದ್ದೆವು. "ಅದಕ್ಕೂ ಮುಂಚೆ" ಏನೆಂದು ಹೇಳುತ್ತಲೇ ಇದ್ದೆವು.

ಮಳೆಗಾಲ ಮುಗಿಯುತ್ತಿದ್ದ ಒಂದು ದಿನ ಸಂಜೆ ಬ್ಯಾಂಕಿನಿಂದ ಬಂದೆ. "ಅವ್ವಾ" ಎಂದೆ. ಒಳಕೋಣೆಯಿಂದ ಸಣ್ಣ ದನಿ ಬಂತು. ಬಾಗಿಲು ತಳ್ಳಿದೆ. ಅದು ಏನಕ್ಕೋ ತಾಗಿ ನಿಂತಿತು. ಇನ್ನೊಮ್ಮೆ ತಳ್ಳಿದೆ.

"ತಳ್ಳಬ್ಯಾಡ ಕಣವ್ವ," ಅಂದಳು ಅವ್ವ. "ಕಾಲ್ ಮ್ಯಾಲೆ ಬತ್ತೈತೆ."

ಬೆಳಿಗ್ಗೆ ನಾನು ಹೋದ ಸ್ವಲ್ಪ ಹೊತ್ತಿಗೇ ಮಂಚದಿಂದ ಇಳಿಯುವಾಗ ಬಿದ್ದಿದ್ದಳು. ಸಂದಿಯಲ್ಲಿ ಬಿದ್ದವಳಿಗೆ ಹೊರಳಲು ಜಾಗವಿರಲಿಲ್ಲ. ಅವಳ ಮೈಯೇ ಬಾಗಿಲಿಗೆ ಅಡ್ಡವಾಗಿತ್ತು. ಅವಳ ಮೊಬೈಲು ಹಾಲ್‌ನಲ್ಲಿತ್ತು, ನಾನು ಮಧ್ಯಾಹ್ನ ಮಾಡಿದ ಫೋನು ಹೊಡೆದುಕೊಂಡದ್ದು ಅವಳಿಗೆ ಕೇಳಿಸಿತ್ತು. ಬಾಗಿಲು ತೆರೆದಿದ್ದ ಅಷ್ಟಗಲದಲ್ಲಿ ನಾನು ಕೈ ತೂರಿಸಿದೆ. ಅವಳ ಬೆರಳು ಸಿಕ್ಕವು. ತಣ್ಣಗಿದ್ದವು. "ನೀರು ಬೇಕಾ?" ಎಂದರೆ "ಬ್ಯಾಡ, ಈಗ್ಲೇ ಎಲ್ಲಾ ಒದ್ದೆ ಆಗೈತೆ" ಅಂದಳು. ಆ ಮಾತನ್ನು ಹೇಳುವಾಗ ಅವಳ ದನಿಯಲ್ಲಿದ್ದ ನಾಚಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನನ್ನ ಕೂಗು ಕೇಳಿ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಕಲ್ಲೇಶಪ್ಪನವರು ಬಂದರು. ಅಲ್ಲಿಯವರೆಗೆ ನಮ್ಮ ಮನೆಯೊಳಗೆ ಕಾಲಿಟ್ಟವರಲ್ಲ. ಬಾಗಿಲ ಸಂದಿಯಲ್ಲಿ ಟಾರ್ಚು ಬಿಟ್ಟು ನೋಡಿ, "ಇದೇನು ಕೋಣೆನೋ ಗೂಡೋ" ಎಂದು ಗೊಣಗಿ, ಅಂಗಡಿಯಿಂದ ಆಳನ್ನೂ ಹಾರೆಯನ್ನೂ ತರಿಸಿದರು. ಬಾಗಿಲಿನ ಮೇಲರ್ಧದ ಹಲಗೆಯನ್ನು ಮೀಟಿ ಕಿತ್ತರು. ಆಳು ಅದರೊಳಗಿಂದ ನುಸುಳಿ ಮಂಚದ ಮೇಲಿಳಿದು ಅವ್ವನನ್ನು ಎತ್ತಿದ. ಅವಳು ಕೂಗಲಿಲ್ಲ. ಆಂಬುಲೆನ್ಸಿನ ಸ್ಟ್ರೆಚರ್ ಆ ಕೋಣೆಯೊಳಗೆ ಬರಲಿಲ್ಲ. ಬೆಡ್‌ಶೀಟಿನಲ್ಲಿ ಹೊತ್ತು ಹೊರಗೆ ತಂದರು.

ಸೊಂಟದ ಮೂಳೆ ಮುರಿದಿತ್ತು. ಹಾಸನದ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿಸಿದರು. ನರ್ಸುಗಳು ಮಂಚದ ಎರಡೂ ಕಡೆ ಓಡಾಡುವ ಸದ್ದು ಕೇಳುತ್ತಿತ್ತು. ಅವ್ವ ನನ್ನ ಕೈ ಹಿಡಿದು, "ಇಲ್ಲಿ ಏಸೊಂದು ಜಾಗ ಐತೆ ಕಣವ್ವ" ಅಂದಳು. ಮಲಗಿದಲ್ಲೇ ಮಲಗಿ ಎದೆಯಲ್ಲಿ ಕಫ ಕಟ್ಟಿತು. ದೀಪಾವಳಿಗೆ ಮುಂಚೆ ತೀರಿಕೊಂಡಳು.

ಬೀಗದ ಕೈ ಒಪ್ಪಿಸಲು ಹೋದ ದಿನ ಚೇತನ್‌ಕುಮಾರ್ ಆಗಲೇ ಇನ್ನೊಂದು ಸಂಸಾರವನ್ನು ಬೀಗ ಹಾಕಿದ್ದ ಬಾಗಿಲ ಮುಂದೆ ನಿಲ್ಲಿಸಿಕೊಂಡಿದ್ದರು. ಕಣಕಟ್ಟೆ ಕಡೆಯ ಗಂಡ ಹೆಂಡತಿ. ಅವರಿಗೂ ಮೊಬೈಲಿನಲ್ಲಿ ಫೋಟೋ ತೋರಿಸಿ ಮುಂಗಡದ ಮಾತಾಡುತ್ತಿದ್ದರು. ಆ ಹೆಣ್ಣುಮಗಳು ನನ್ನ ಹತ್ತಿರ ಬಂದು, "ರೂಮು ಏಟು ದೊಡ್ಡದೈತ್ರೀ?" ಎಂದು ಕೇಳಿದಳು.

"ಏಳು ಅಡಿಗೆ ಆರೂವರೆ. ಬಾಗಿಲು ಒಳಕ್ಕೆ ತೆಗೆಯುತ್ತೆ," ಎಂದೆ.

ಅವಳು ಗಂಡನನ್ನು ಕರೆದು, "ನಮ್ಮತ್ತೆ ಗಾಲಿಕುರ್ಚಿ ತಿರುಗಾಕಿಲ್ಲ ಕಣ್ರೀ, ನಡೀರಿ" ಎಂದಳು. ಇಬ್ಬರೂ ಹೋದರು. "ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ ಮೇಡಂ" ಎಂದರು ಚೇತನ್‌ಕುಮಾರ್. ನಾನು ಅವರ ವಿರುದ್ಧ ಒಂದು ಮಾತೂ ಆಡಿರಲಿಲ್ಲ. ಎರಡು ಅಂಕಿ ಹೇಳಿದ್ದೆ, ಅಷ್ಟೇ. ಒಂದು ಸಂಸಾರ ಉಳಿಯಲು ಅಷ್ಟು ಸಾಕಾಯಿತು. ಆ ಅಂಕಿಗಳನ್ನು ಬಚ್ಚಿಡುವುದು ಯಾಕೆಂದು ತಮಗೆ ಇನ್ನೂ ಅರ್ಥವಾಗದಿದ್ದರೆ, ಆ ದಲ್ಲಾಳಿಯನ್ನೇ ಕೇಳಿ. ಅವರಿಗೆ ಚೆನ್ನಾಗಿ ಅರ್ಥವಾಗಿದೆ.

ನಾನು ಪರಿಹಾರ ಕೇಳುತ್ತಿಲ್ಲ. ಬಾಡಿಗೆಗಾಗಲಿ ಮಾರಾಟಕ್ಕಾಗಲಿ, ದಲ್ಲಾಳಿ ಹಾಕುವ ಪ್ರತಿ ಜಾಹೀರಾತಿನಲ್ಲಿ ಪ್ರತಿ ಕೋಣೆಯ ಉದ್ದ, ಅಗಲ, ಬಾಗಿಲಿನ ಅಗಲ ಇರಲೇಬೇಕೆಂದು ಆದೇಶ ಹೊರಡಿಸಿ. ಚಿತ್ರದೊಳಗೆ ಅಡಗಿಸಿ ಅಲ್ಲ, ಮೊಬೈಲು ನನ್ನಂಥವರಿಗೆ ಓದಿ ಹೇಳುವಂತೆ ಅಕ್ಷರದಲ್ಲಿ. ಅಳತೆ ಇಲ್ಲದ ಜಾಹೀರಾತನ್ನು ಕಿತ್ತುಹಾಕಿಸಿ, ಮತ್ತೆ ಹಾಕಿದವರ ಪರವಾನಗಿ ರದ್ದು ಮಾಡಿ. ಅದು ತಮ್ಮ ಅಧಿಕಾರದಲ್ಲಿ ಇಲ್ಲವೆಂದಾದರೆ, ಯಾರ ಅಧಿಕಾರದಲ್ಲಿದೆ ಎಂದು ಬಹಿರಂಗವಾಗಿ ಹೇಳಿ, ಅವರಿಗೂ ಬರೆಯುತ್ತೇನೆ. ಆ ಮನೆಯ ಜಾಹೀರಾತು ಇವತ್ತು ಬೆಳಿಗ್ಗೆಯೂ ಇತ್ತು. ನಾಲ್ಕು ಚಿತ್ರ ಇದ್ದದ್ದು ಆರಾಗಿದೆ.

ಇಂತಿ,
ಸದ್ಯಕ್ಕೆ ಹೇಮಲತಾ ಅವರ ಮನೆಯಲ್ಲಿದ್ದುಕೊಂಡು,
ಒಬ್ಬಳೇ ಇರಲು ಬಾಡಿಗೆ ಮನೆ ಹುಡುಕುತ್ತಿರುವ
ಭಾಗ್ಯ
ಅರಸೀಕೆರೆ