ಕುರ್ಚಿ ಹಿಡಿಯುವ ಕಾರು

ಸಿದ್ಧಾರ್ಥನಗರ, ಮೈಸೂರು
೧೨ ಸೆಪ್ಟೆಂಬರ್ ೨೦೨೪

ಪ್ರೀತಿಯ ವರ್ಷಿಣಿ,

ಹೇಗಿದ್ದೀಯ ಮಗಳೇ? ನಿನ್ನ ಹುಟ್ಟುಹಬ್ಬಕ್ಕೇ ಬರೆಯಬೇಕೆಂದಿದ್ದ ಪತ್ರ ಇದು. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇವೆ. ಶಿವಮೊಗ್ಗದ ಬ್ಯಾಂಕು ಒಗ್ಗಿತೇ? ನಿಮ್ಮ ಕಚೇರಿಯ ಲಿಫ್ಟ್ ರಿಪೇರಿ ಆಯಿತೇ?

ಇಲ್ಲಿಯ ಸುದ್ದಿ ಎಂದರೆ ಹೊಸ ಕಾರು. ಆಯುಧಪೂಜೆಯ ಹೊತ್ತಿಗೆ ಮನೆ ಮುಂದೆ ನಿಂತಿರಬೇಕೆಂದು ಅಪ್ಪನ ಆಸೆ. ಸೆಡಾನೋ ಹ್ಯಾಚ್‌ಬ್ಯಾಕೋ ಇನ್ನೂ ತೀರ್ಮಾನವಾಗಿಲ್ಲ. ನಾನು ನೋಡುತ್ತಿರುವುದು ಒಂದೇ, ನಿನ್ನ ವೀಲ್‌ಚೇರ್ ಹಿಡಿಯಬೇಕು. ಕಳೆದ ವರ್ಷ ಬನ್ನಿಮಂಟಪದಲ್ಲಿ ನಿನ್ನ ದೊಡ್ಡಪ್ಪನ ಮಗಳ ನಿಶ್ಚಿತಾರ್ಥಕ್ಕೆ, ಡಿಕ್ಕಿಯಲ್ಲಿ ಕುರ್ಚಿ ಹಿಡಿಯುವುದಿಲ್ಲವೆಂದು ನಿನ್ನನ್ನು ಮನೆಯಲ್ಲೇ ಬಿಟ್ಟು ಹೋದೆವು. ಆಮೇಲೆ ನೀನು ಊರಿಗೆ ಬಂದಿಲ್ಲ.

ಅದಕ್ಕೇ ಮೊನ್ನೆ ಅಳತೆಗೆಂದು ನೀನು ಇಲ್ಲೇ ಬಿಟ್ಟುಹೋದ, ಈಗಿನದರಷ್ಟೇ ಅಳತೆಯ ಹಳೆಯ ಕುರ್ಚಿಯನ್ನು ಷೋರೂಮಿಗೆ ಒಯ್ದೆ. ಅಪ್ಪ, ಅಜ್ಜಿ ಕಾರಿನಲ್ಲಿ ಮುಂದೆ ಹೋದರು. ನಾನೂ ಕುರ್ಚಿಯೂ ಹಿಂದೆ ಆಟೊದಲ್ಲಿ. ಸೆಡಾನಿನ ಡಿಕ್ಕಿಗೆ ಅದು ಸಲೀಸಾಗಿ ಹೋಯಿತು. ಹ್ಯಾಚ್‌ಬ್ಯಾಕಿಗೆ ಹೋಗಲಿಲ್ಲ.

"ಹಿಂದಿನ ಸೀಟು ಮಡಚಿಬಿಟ್ರೆ ಆರಾಮಾಗಿ ಹೋಗುತ್ತೆ ಮೇಡಂ," ಅಂದರು ಕಾರು ತೋರಿಸುತ್ತಿದ್ದ ಸ್ವರೂಪ್.

"ಆಗ ನಾನೆಲ್ಲಿ ಕೂರ್ಲಪ್ಪ, ಕುರ್ಚಿ ಮ್ಯಾಲಾ?" ಅಂದರು ಅಜ್ಜಿ. ಸ್ವರೂಪ್ ನಗುವಷ್ಟರಲ್ಲಿ ಅಜ್ಜಿಯೇ ಮತ್ತೆ, "ನಾನ್ ಮನೇಲಿರ್ತೀನಿ ಬುಡು ಕಣವ್ವ. ನಂದೆಲ್ಲ ಓಡಾಟ ಮುಗೀತು. ಮಗ ಹೋಗ್ಲಿ," ಅಂದರು. ಈಗಲೂ ನಿನ್ನನ್ನು ಮಗ ಎಂದೇ ಕರೆಯುವುದು.

ಸೆಡಾನೇ ಆಗಲಿ ಎಂದುಕೊಂಡೆ. ಮನೆಗೆ ಬಂದ ಮೇಲೆ ಅಪ್ಪ ಟೇಪು ಹಿಡಿದು ಪೋರ್ಟಿಕೊ ಅಳೆದರು. "ಉದ್ದ ಜಾಸ್ತಿ ಪವಿ. ಗೇಟ್ ಹಾಕಕ್ಕಾಗಲ್ಲ. ರ್‍ಯಾಂಪ್ ಒಡೀಬೇಕಾಗುತ್ತೆ," ಅಂದರು. ನಿನ್ನ ಚಕ್ರ ಜಾರಬಾರದೆಂದು ಹಸಿ ಸಿಮೆಂಟಿನ ಮೇಲೆ ಅವರೇ ಕಡ್ಡಿಯಲ್ಲಿ ಗೀರು ಎಳೆದಿದ್ದರಲ್ಲ, ಅದೇ ರ್‍ಯಾಂಪ್. ಅದನ್ನು ಒಡೆದರೆ ನೀನು ಮನೆಯೊಳಗೆ ಬರುವುದು ಹೇಗೆ? ಒಡೆಯದಿದ್ದರೆ ಚಿಕ್ಕ ಕಾರು, ಅದರಲ್ಲಿ ಕುರ್ಚಿಗೆ ಜಾಗವಿಲ್ಲ. ಇದರಲ್ಲಿ ಯಾವುದು ಕಡಿಮೆ ತಪ್ಪು ಎಂದು ಯೋಚಿಸುತ್ತಾ ಕೂತಿದ್ದೇನೆ. ಅಳು ಬರುತ್ತಿಲ್ಲ, ಸಿಟ್ಟೂ ಇಲ್ಲ. ಸ್ವರೂಪ್ ಬಣ್ಣಗಳನ್ನು ತೋರಿಸಿದಾಗಲೂ ಎಲ್ಲವೂ ಒಂದೇ ಥರ ಕಂಡವು. ಹೀಗಿರುವುದು ಸರಿಯೇ, ನನಗೆ ತಿಳಿಯದು.

ದಸರಾಕ್ಕೆ ಬರುತ್ತೀಯಾ? ಯಾವ ಕಾರು ಎಂದು ನೀನೇ ಹೇಳಿಬಿಡು. ನೀನು ಹೇಳಿದ್ದನ್ನೇ ಬುಕ್ ಮಾಡಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಚಾಮುಂಡಿ ತಾಯಿ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಪವಿತ್ರ

ಮರುದಿನ ಸೇರಿಸಿದ್ದು: ಎಕ್ಸ್‌ಚೇಂಜಿಗೆ ಕೊಡಬೇಕೆಂದು ಬೆಳಿಗ್ಗೆ ಹಳೆಯ ಕಾರನ್ನು ಖಾಲಿ ಮಾಡುತ್ತಿದ್ದೆ. ಡಿಕ್ಕಿಯ ಮೇಲೆ ಸ್ಪೀಕರ್ ಕೂರಿಸಿರುವ ಹಲಗೆ ಇದೆಯಲ್ಲ, ಎತ್ತಿದರೆ ಅದು ಕೈಗೇ ಬಂತು. ಸುಮ್ಮನೆ ನಿನ್ನ ಹಳೆಯ ಕುರ್ಚಿಯನ್ನು ಮಡಚಿ ಒಳಗೆ ನಿಲ್ಲಿಸಿ ನೋಡಿದೆ. ಹಿಡಿಯಿತು. ಬಾಗಿಲೂ ಮುಚ್ಚಿತು. ಅಪ್ಪ ರ್‍ಯಾಂಪಿನ ಮೇಲೆ ನಿಂತಿದ್ದರು.

"ಹಿಡಿಯುತ್ತೆ ಕಣ್ರೀ," ಅಂದೆ.

"ಗೊತ್ತು," ಅಂದರು. ಕಾಲಡಿಯ ಗೀರುಗಳನ್ನು ನೋಡುತ್ತಾ, "ಅವತ್ತು ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯೋರೆಲ್ಲ ಬಂದಿದ್ರಲ್ಲ, ಪವಿ," ಅಂದರು.

ಯಾವ ಕಾರು ಎಂದು ನೀನಿನ್ನು ಹೇಳಬೇಕಾಗಿಲ್ಲ, ಇದೇ ಸಾಕು. ಕುರ್ಚಿಯನ್ನು ನಾನು ಡಿಕ್ಕಿಯಿಂದ ತೆಗೆದಿಲ್ಲ.