ಕಿಟಕಿ ಪಕ್ಕದ ಬಿರುಕು

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನೀನು ಎರಡು ಸಲ ಬರೆದರೂ ನಾನು ಉತ್ತರ ಕೊಡಲಿಲ್ಲ, ಸಿಟ್ಟಾಗಬೇಡ. ಮನೆ ನೋಡಿ ನೋಡಿ ಕಾಲು ಸೋತುಹೋಗಿವೆ. ಪೆನ್ನು ಹಿಡಿದರೆ ಅಕ್ಷರಕ್ಕಿಂತ ಮೊದಲು ಆಕಳಿಕೆ ಬರುತ್ತದೆ. ನಿನ್ನ ಮಂಡಿನೋವು ಹೇಗಿದೆ?

ನಾವಿರುವ ಬಾಡಿಗೆ ಮನೆಯನ್ನು ಮಾಲೀಕರು ಮಾರಿಬಿಟ್ಟರು. ಕೊಂಡವರು ಇದನ್ನು ಒಡೆದು ಹೊಸದು ಕಟ್ಟುತ್ತಾರಂತೆ. ಮುಂದಿನ ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕು. ಈ ಸಲ ಸ್ವಂತದ್ದೇ ಕೊಳ್ಳೋಣವೆಂದರೆ ನಮ್ಮ ಕೈಗೆ ಎಟುಕುವುದು ರಿಪೇರಿಗೆ ಬಂದ ಹಳೆಯ ಮನೆಗಳು ಮಾತ್ರ, ಅವು ಯಾವುವೂ ಇವರಿಗೆ ಒಪ್ಪಿಗೆಯಿಲ್ಲ.

ಇವರನ್ನು ನೀನು ಬಲ್ಲೆ. ಆಯುಷ್ಯವೆಲ್ಲ ಹೊಲಿಗೆ ಅಂಗಡಿಯಲ್ಲಿ ಕಳೆದವರು. ಯಾರದೋ ಕಾಲರು ಸೊಟ್ಟಗಿದ್ದರೆ ಇವರಿಗೆ ಊಟ ಸೇರುವುದಿಲ್ಲ. ಮನೆ ನೋಡಲು ಹೊರಟಾಗಲೆಲ್ಲ ಜೇಬಿನಲ್ಲಿ ದಾರದ ಉಂಡೆ ಇರಲೇಬೇಕು. ಅದರ ತುದಿಗೆ ಬೀಗದ ಕೈ ಕಟ್ಟಿ, ಗೋಡೆಯ ಮುಂದೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, "ವಾಲಿದೆ, ನಡಿಯೇ" ಅನ್ನುತ್ತಾರೆ. ಒಂದು ಕಡೆ ಕೂದಲೆಳೆಯಷ್ಟು ಬಿರುಕು ಕಂಡು, ಆ ಮನೆಯವರು ತಂದಿಟ್ಟ ಟೀ ಕೂಡ ಮುಟ್ಟದೆ ಎದ್ದು ಹೊರಟರು. ನನಗೆ ನಾಚಿಕೆಯಾಗಿ ಎರಡೂ ಲೋಟ ನಾನೇ ಕುಡಿದೆ. ನಾವಿರುವ ಮನೆಯ ಗೋಡೆಗೆ ಮಾತ್ರ ಆ ದಾರ ಹಿಡಿದವರೇ ಅಲ್ಲ.

ಮೊನ್ನೆ ಬೇಕರಿ ಹಿಂದಿನ ಬೀದಿಯ ಮನೆಗೆ ನಾನೇ ಹಟ ಹಿಡಿದು ಒಬ್ಬ ಇಂಜಿನಿಯರ್ ಹುಡುಗಿಯನ್ನು ಕರೆಸಿದೆ. ನೋಡಲು ಆ ಮನೆ ದೇವರಿಗೇ ಪ್ರೀತಿ. ಬಚ್ಚಲ ಗೋಡೆ ತೇವ ಹಿಡಿದು ಪುಡಿಪುಡಿಯಾಗಿ ಉದುರುತ್ತಿದೆ, ಎರಡು ಕಿಟಕಿಗೆ ಗೆದ್ದಲು. ಆ ಹುಡುಗಿ ಮಂಡಿಯೂರಿ ಗೋಡೆಯ ಬುಡ ನೋಡಿದಳು, ಸುತ್ತಿಗೆಯಿಂದ ಕುಟ್ಟಿ ಸದ್ದು ಕೇಳಿದಳು, ಬಾಗಿಲ ಚೌಕಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿದಳು, ಏಣಿ ಹತ್ತಿ ತಾರಸಿಯ ಅಡಿಭಾಗವನ್ನೆಲ್ಲ ತಡವಿದಳು.

"ಆಂಟಿ, ಹಾಳಾಗಿರೋದು ಮೇಲ್ಮೇಲೆ ಅಷ್ಟೇ. ಪಾಯ ಕುಸಿದಿಲ್ಲ, ತಾರಸಿ ಗಟ್ಟಿಯಾಗಿದೆ. ಪೈಪು, ಕಿಟಕಿ ಬದಲಾಯಿಸಿ ಗಾರೆ ಮಾಡಿಸಿದ್ರೆ ನಿಶ್ಚಿಂತೆಯಾಗಿ ಇರಬಹುದು" ಅಂದಳು.

ಸದ್ಯ, ಒಂದಾದರೂ ಸಿಕ್ಕಿತಲ್ಲ ಎಂದು ನನಗೆ ಅಳುವೇ ಬಂತು. ಇವರು ದಾರ ಇಳಿಬಿಟ್ಟರು. ಗೋಡೆ ನೆಟ್ಟಗಿತ್ತು. ಇನ್ನೊಂದಕ್ಕೆ ಹಿಡಿದರು, ಅದೂ ನೆಟ್ಟಗೆ.

"ಇನ್ನೊಂದ್ಸಲ ನೋಡಮ್ಮ, ಏನಾದ್ರೂ ಇದ್ದೇ ಇರುತ್ತೆ" ಎಂದು ಅಂಗಲಾಚಿದರು. ಪಾಪ, ಆಕೆ ಮತ್ತೆ ಏಣಿ ಹತ್ತಿದಳು.

ಬೀದಿಗೆ ಬಂದ ಮೇಲೆ ನಾನು ತಡೆಯಲಾರದೆ, "ನಿಮಗೆ ಮನೆ ಬೇಕೋ ಬೇಡ್ವೋ, ಒಂದು ಮಾತು ಹೇಳಿಬಿಡಿ" ಅಂದೆ. ಇವರು ದಾರ ಸುತ್ತಿಕೊಳ್ಳುತ್ತಾ ನಡೆದರು.

ಅಕ್ಕ, ನನಗಂತೂ ಸಾಕಾಗಿದೆ. ನಾಳೆ ಹೋಗಿ ಆ ಮನೆಗೆ ಒಪ್ಪಿಗೆ ಹೇಳಿ ಬರುತ್ತೇನೆ. ನೀನು ಹಿರಿಯಳು, ಅಲ್ಲಿದ್ದುಕೊಂಡೇ ಒಳ್ಳೆಯದಾಗಲಿ ಎಂದು ಹರಸು. ನಿನ್ನ ಮಕ್ಕಳು ಸುಖವಾಗಿರಲಿ, ತಂಪಾಗಿರಲಿ.

ನಿನ್ನ ತಂಗಿ

ತಾ.ಕ.: ನಮ್ಮ ಮನೆಯ ಕಿಟಕಿ ಪಕ್ಕ ಬೆರಳು ತೂರುವಷ್ಟು ಬಿರುಕಿದೆ, ನೆನಪಿದೆಯಾ? ನಮ್ಮ ಚಿನಕುರಳಿ ಸವೆದ ಬಣ್ಣದ ಪೆನ್ಸಿಲ್ ಚೂರುಗಳನ್ನೆಲ್ಲ ಅದರೊಳಗೆ ತುರುಕಿ, "ಗೋಡೆಗೆ ಹಸಿವಾಗಿತ್ತಮ್ಮ" ಅನ್ನುತ್ತಿದ್ದಳು. ಆ ಜ್ವರದಲ್ಲಿ ಮಗು ನಮ್ಮ ಕೈಬಿಟ್ಟು ಹೋದ ಮೇಲೆ ಅದಕ್ಕೆ ಗಾರೆ ಹಾಕಲು ಇವರು ಯಾರನ್ನೂ ಬಿಟ್ಟಿಲ್ಲ. ಈಗ ಅದರ ಮುಂದೆಯೇ ಕುಕ್ಕರಗಾಲಲ್ಲಿ ಕೂತು, ಉದ್ದನೆಯ ಸೂಜಿಯಿಂದ ಒಂದೊಂದೇ ಚೂರನ್ನು ಮೀಟಿ ಅಂಗೈಗೆ ತೆಗೆದುಕೊಳ್ಳುತ್ತಿದ್ದಾರೆ. ನಾನು ಬರೆಯುವುದು ಬಿಟ್ಟು ಹತ್ತಿರ ಹೋದೆ. ತಿರುಗಿ ನೋಡದೆಯೇ ಹೇಳಿದರು:

"ಆ ಹುಡುಗಿ ಸರಿಯಾಗೇ ಹೇಳಿದ್ಲು ಕಣೇ, ಮನೆ ಗಟ್ಟಿಯಾಗಿದೆ. ಆದ್ರೆ ಇವನ್ನ ಅಲ್ಲಿ ಎಲ್ಲಿಡೋದು? ಒಂದು ಬಿರುಕೂ ಇಲ್ವಲ್ಲ."